ಐಸಿನ ಲೆಕ್ಕ

ಮಾತಾವೇರಿಯಿಂದ ಸಾಂತಿಯಾಗೋಗೆ
ಮೂರು ಸಾವಿರದ ಏಳುನೂರ ಐವತ್ತು ಚಿಲ್ಲರೆ ಕಿಲೋಮೀಟರು.
ಕೌಂಟರಿನ ಗಾಜಿಗೆ ನಾನೇ ಅಂಟಿಸಿದ ಚೀಟಿ.
ದ್ವೀಪ ನೋಡಬಂದವರು ಓದಿ, ಅಬ್ಬಾ ಎಂದು
ಅದರದೇ ಫೋಟೋ ಹಿಡಿದುಕೊಂಡು ಹೋಗುತ್ತಾರೆ.

ತವಾಕೆ ಮುದುಕ ಚೀಟಿ ಓದುವವನಲ್ಲ.
ಗುರುವಾರ ದೋಣಿಯಿಂದ ನೆಟ್ಟಗೆ ಇಲ್ಲಿಗೇ,
ಮೊಣಕಾಲವರೆಗೆ ಒಣಗಿದ ಉಪ್ಪು.
ಡಬ್ಬವನ್ನು ತೂಕಕ್ಕಿಟ್ಟು ಅದರ ಮೇಲೆ ಕೈಯೂರುತ್ತಾನೆ,
ಹೊರಡಲಿರುವ ಕುದುರೆಯ ಕುತ್ತಿಗೆ ಸವರುವ ಹಾಗೆ.
"ಕೈ ತೆಗಿ ಅಜ್ಜಾ, ಯಂತ್ರ ನಿನ್ನನ್ನೂ ತೂಗುತ್ತಿದೆ."

ಒಳಗೆ ಕಾಹಿ ಮೀನು, ಬೆಳಗಿನ ಜಾವದ್ದು.
ಮಗಳು ಊಕಾ ಅಲ್ಲಿ, ನಾವು ಕೊಂತಿ ಎನ್ನುವ ದೊಡ್ಡ ನೆಲದಲ್ಲಿ,
ವಾರಕ್ಕೆ ಮೂರು ಸಲ ರಕ್ತವನ್ನು ಯಂತ್ರಕ್ಕೆ ಕೊಟ್ಟು
ತೊಳೆಸಿ ವಾಪಸು ಪಡೆಯುತ್ತಾಳೆ.
ಅಂಗೈಯಗಲ ತಿನ್ನಬಹುದು, ಉಪ್ಪಿಲ್ಲದೆ, ಎಂದಿದ್ದಾರಂತೆ ಡಾಕ್ಟರು.
"ಸಮುದ್ರದಲ್ಲಿ ಹುಟ್ಟಿದ್ದಕ್ಕೆ ಉಪ್ಪಿಲ್ಲದೆ!"
ನಗುತ್ತಾನೆ. ಅಂಗೈ ಯಾರದೆಂದು ಅವರು ಹೇಳಲಿಲ್ಲವಲ್ಲ,
ತನ್ನ ಅಂಗೈಯ ಅಳತೆಗೆ ಕೊಯ್ದು ಕಳಿಸುತ್ತಾನೆ.

"ಎಷ್ಟು ದೂರ?" ಎಂದ ಒಂದು ದಿನ.
ಚೀಟಿ ತೋರಿಸಿದೆ.
"ಅದಲ್ಲ ಹುಡುಗೀ. ಐಸಿನಲ್ಲಿ ಹೇಳು."

ಬೆರಳು ಮಡಿಸಿ ಎಣಿಸಿದೆವು.
ಇಲ್ಲಿ ಕಾಯುವುದು ಎರಡು ಗಂಟೆ,
ಗಾಳಿ ಬೆನ್ನಿಗಿದ್ದರೆ ಮೇಲೆ ನಾಲ್ಕೂ ಮುಕ್ಕಾಲು,
ಬೆಲ್ಟಿನ ಮೇಲೆ ಡಬ್ಬ ಸುತ್ತಿ ಬರಲು ಅರ್ಧ,
ಬಸ್ಸು, ಮೆಟ್ರೋ, ನಾಲ್ಕನೇ ಮಹಡಿ, ಕೆಟ್ಟು ನಿಂತ ಲಿಫ್ಟು.
ಮತ್ತೆ ಅಲ್ಲಿನ ಗಡಿಯಾರ ಎರಡು ಗಂಟೆ ಮುಂದು.
"ಆ ಎರಡಕ್ಕೂ ಐಸು ಹಾಕಬೇಕಾ?"
ಬೇಡ ಅಜ್ಜಾ, ಅದು ಕರಗದ ಹೊತ್ತು.
ಒಂಬತ್ತು ಗಂಟೆಯ ಐಸು ಎಂದು ತೀರ್ಮಾನವಾಯಿತು.
ಅವನು ಹತ್ತಕ್ಕೆ ತುಂಬುತ್ತಾನೆ.

ಬರುವಾಗ ಅದೇ ದಾರಿಗೆ ಐದೂ ಮುಕ್ಕಾಲು, ಎದುರುಗಾಳಿ.
ತುಂಬಿದ ಡಬ್ಬಕ್ಕಿಂತ ಹೆಚ್ಚು ಹೊತ್ತು ಹಾರುತ್ತದೆ ಬರಿದಾದದ್ದು.
ಪೂರ್ತಿ ಬರಿದಲ್ಲ. ನಾಲ್ಕು ಸೇಬು,
ಒಮ್ಮೆ, ಉಂಗುಷ್ಠ ಕಿತ್ತ ಚಪ್ಪಲಿ:
ಇಲ್ಲಿಯವರಿಗೆ ಹೊಲಿಯಲು ಬರುವುದಿಲ್ಲ ಅಪ್ಪಾ, ನೀನೇ ಹೊಲಿ.

ಪೈಲಟ್ಟೊಬ್ಬ ಹೇಳಿದ್ದನ್ನು ಅವನಿಗೆ ಹೇಳಿದೆ:
ನೀರಿನ ಮೇಲೊಂದು ಜಾಗವಿದೆಯಂತೆ,
ಅಲ್ಲಿಂದ ಹಿಂತಿರುಗಲಿ, ಮುಂದೆ ಹೋಗಲಿ, ಹಿಡಿಯುವ ಹೊತ್ತು ಒಂದೇ.
ಅದು ದಾರಿಯ ನಟ್ಟನಡುವೆ ಇರುವುದಿಲ್ಲ.
ಪಡುವಣ ಗಾಳಿ ಜೋರಾದಷ್ಟೂ
ನಮ್ಮ ದಡದ ಕಡೆಗೆ ಸರಿಯುತ್ತದೆ.
"ಹಾಗಾದರೆ ಬಿರುಗಾಳಿಯ ದಿನ
ಅವಳು ಅರ್ಧದಾರಿಗಿಂತ ಈಚೆಗೇ ಬಂದಿರುತ್ತಾಳೆ," ಎಂದ.
ನಾನು ತಿದ್ದಲಿಲ್ಲ.

ಜುಲೈನಲ್ಲಿ ಒಂದು ವಾರ ಬಂದರು ಮುಚ್ಚಿತ್ತು.
ದೋಣಿಗಳೆಲ್ಲ ಹೊಟ್ಟೆ ಮೇಲಾಗಿ ಹುಲ್ಲಿನ ಮೇಲೆ.
ಗುರುವಾರ ಬಂದ, ಮೊಣಕಾಲಲ್ಲಿ ಉಪ್ಪಿರಲಿಲ್ಲ,
ಡಬ್ಬವಿತ್ತು.
ಏನಿದೆ ಅಜ್ಜಾ? ರೂಢಿಗೆ ಕೇಳಿದೆ, ಫಾರಮ್ಮಿನಲ್ಲಿ ಬರೆಯಬೇಕಲ್ಲ.
"ಐಸು."
ಮತ್ತೆ?
"ಹತ್ತು ಗಂಟೆಯಷ್ಟು."

ತೂಕಕ್ಕಿಟ್ಟು ಕೈಯೂರಿದ.
ತೆಗಿ ಎನ್ನಲಿಲ್ಲ ನಾನು.
ಹದಿನಾಲ್ಕು ಕಿಲೋ ಎಂದು ಬರೆದುಕೊಂಡೆ,
ಕೈಯೂ ಸೇರಿ.