ಕುರುಡು ಪಾಲು

ವಿಶ್ವಕೋಶದ ಒಂಬತ್ತನೇ ಸಂಪುಟ, ಸಾಲಿಗೆ ಎರಡು ರೂಪಾಯಿ.
ರೋಜಾಕ್ಕೂ ರೋಮಕ್ಕೂ ನಡುವೆ
ಕಾಲೂರಿ ನಿಂತಿದ್ದ ಈತ: ರೋತ್‌ಮಿಸ್ತ್ರ್,
ಪೋಲೆಂಡಿನ ಕುದುರೆ ಪಡೆಯ ಅಧಿಕಾರಿ.

ಮಂಡಿಪೇಟೆಯ ಮಾಳಿಗೆ ಮೇಲೆ ನಮ್ಮ ಪ್ರೆಸ್ಸು.
ಕೆಳಗೆ ಮೆಣಸಿನಕಾಯಿ ಮೂಟೆ ಬಿದ್ದಾಗೆಲ್ಲ
ಮೇಲೆ ನಾನು ಸೀನುತ್ತೇನೆ,
ಒಂದು ಶತಮಾನ ಆಚೀಚೆಯಾಗುತ್ತದೆ.

ಹದಿನಾರನೆಯದು, ಸರಿ. ದೊರೆ ಓಲೆ ಕೊಡುತ್ತಾನೆ:
ಇಷ್ಟು ಕುದುರೆ ಕೂಡಿಸು, ಮೂರು ತಿಂಗಳಿಗೊಮ್ಮೆ ಇಷ್ಟು ಹಣ.
ಈತ ನೆಂಟರನ್ನು, ನೆರೆ ಜಮೀನಿನವರನ್ನು ಕೂಗಿ ಕರೆಯುತ್ತಾನೆ.
ಕುದುರೆ ಅವರದೇ, ಆಳೂ ಅವರದೇ, ಈಟಿ ಹಿಡಿವ ಕೈಯೂ.
ದಂಡು ಅನ್ನುವುದಕ್ಕಿಂತ ಗುತ್ತಿಗೆ ಅನ್ನಬೇಕು.

ಕನ್ನಡದಲ್ಲಿ ಏನೆಂದು ಕರೆಯಲಿ?
ರಾವುತ ಅಂದರೆ ಒಂಟಿಯಾದ.
ದಳವಾಯಿ ಅಂದರೆ ದುರ್ಗದ ಕೋಟೆಯೇ ಎದ್ದು ಬಂತು.
ರಿಸಾಲ್ದಾರ ಹತ್ತಿರದವನೇ, ಮೀಸೆ ಮಾತ್ರ ಬೇರೆ.
ಶಿಲೇದಾರ, ಸ್ವಂತ ಕುದುರೆಯವನು;
ಬಾರಗೀರ, ಕಂಡವರ ಕುದುರೆ ಹತ್ತಿದವನು.
ಮಾತು ಎಷ್ಟೊಂದಿವೆ ನಮ್ಮಲ್ಲಿ, ಕುದುರೆಯೇ ಇಲ್ಲ.

ಒಂದು ಅಡಿಟಿಪ್ಪಣಿ ಪೆನ್ನನ್ನು ಹಿಡಿದು ನಿಲ್ಲಿಸಿತು:
‘ಕುರುಡು ಪಾಲು.’
ಪಟ್ಟಿಯಲ್ಲಿ ನೂರು ಕುದುರೆ, ಬಯಲಲ್ಲಿ ತೊಂಬತ್ತು.
ಇಲ್ಲದ ಹತ್ತರ ಸಂಬಳ ಈತನ ಸಂಬಳ.
ದೊರೆಗೂ ಗೊತ್ತು. ಕಳವಲ್ಲ, ವಾಡಿಕೆ.

ಅರ್ಥ ಗಟ್ಟಿ ಮಾಡಿಕೊಳ್ಳಲು,
ಸುಳ್ಳೇಕೆ, ಸೀನಿ ಸಾಕಾಗಿ,
ರೈಲ್ವೆ ಗೇಟು ದಾಟಿ ಮಕ್ತುಂಸಾಬರ ಅಂಗಡಿಗೆ ಹೋದೆ.
ನಾಲಬಂದರ ಮನೆತನ; ಈಗ ಕಿಟಕಿಗೆ ಗ್ರಿಲ್ಲು ಬೆಸೆಯುತ್ತಾರೆ.
ಬಾಗಿಲ ಮೇಲೆ ಒಂದೇ ಒಂದು ಲಾಳ, ಒಂದೇ ಮೊಳೆಗೆ ಜೋತು.

ಕೇಳಿ ನಕ್ಕರು. “ಅಯ್ಯ, ನಮ್ಮಪ್ಪ ಮಾಡಿದ್ದೂ ಅದನ್ನರೀ!
ಬುಡೇನಸಾಬ್ ಅಂದ್ರ ಜಟಕಾ ಸ್ಟ್ಯಾಂಡಿನ ಮೇಸ್ತ್ರಿ.
ರೇಷನ್ ಕಾಲ. ಮುನಸಿಪಾಲ್ಟಿ ಪಟ್ಟ್ಯಾಗ ಅರವತ್ತೊಂದು ಕುದುರಿ,
ಸ್ಟ್ಯಾಂಡಿನ್ಯಾಗ ನಿಂತಾವು ನಲವತ್ತೇಳು.
ಸತ್ತ ಕುದುರಿ ಹೆಸರು ನಮ್ಮಪ್ಪ ಹೊಡೀಲೇ ಇಲ್ಲ.
ಬಿಜಲಿ, ಕಬೂತರಿ, ಕುಂಟ ಸುಲ್ತಾನ,
ವಾರಕ್ಕೊಮ್ಮೆ ಅವಕ್ಕೂ ಹುರುಳಿ ಬರ್ತಿತ್ತು.”

ಆ ಹುರುಳಿ ತಿಂದವರು ಯಾರು?
ವೆಲ್ಡಿಂಗ್ ಕನ್ನಡಕ ಹಣೆಗೇರಿಸಿದರು.

“ಗಾಡಿ ಹೊಡ್ಯೋರೂ ಸಾಯ್ತಿದ್ರಲ್ರೀ.
ಗಂಗಮಾಳಮ್ಮ, ಹಸೀನಾಬಿ, ಕಡ್ಲೇಬಾಳಿನ ರುದ್ರವ್ವ,
ಚೀಲ ಹಿಡ್ಕೊಂಡು ಕತ್ತಲ್ದಾಗ ಬರೋರು.
ಇನ್ಸ್‌ಪೆಕ್ಟರು ಎಣಸಾಕ ಬಂದ್ರ
ಇದ್ದ ಕುದುರೀನ ಹಿಂದಿನ ಗಲ್ಲಿ ಸುತ್ತಿಸಿ
ಇನ್ನೊಂದು ಸಲ ಹಾಯಿಸ್ತಿದ್ದ.
ಒಂದೀಟು ತಾನೂ ಇಟ್ಕೊಂಡಾನ, ಇಲ್ಲನ್ನಂಗಿಲ್ಲ.
ನಮ್ಮವ್ವನ ಮೂಗುತಿ ಎಲ್ಲಿಂದ ಬಂತು ಮತ್ತ?”

ಮೇಸ್ತ್ರಿ.
ಗೇಟು ಬಿದ್ದಿತ್ತು, ಗೂಡ್ಸು ಹೋಗುವಷ್ಟು ಹೊತ್ತು
ಆ ಪದ ಬಾಯಲ್ಲೇ ಉಳಿಯಿತು.
ರಾತ್ರಿ ಹಳೇ ನಿಘಂಟು ತೆಗೆದರೆ
ಮಿಸ್ತ್ರ್‌ಗೂ ಮೇಸ್ತ್ರಿಗೂ ಒಬ್ಬಳೇ ಮುತ್ತಜ್ಜಿ, ಲ್ಯಾಟಿನ್ನಿನವಳು.
ಒಬ್ಬ ಮೊಮ್ಮಗ ಕುದುರೆಯೇರಿ ಹಿಮದ ಕಡೆ ಹೋದ,
ಇನ್ನೊಬ್ಬ ಪೋರ್ಚುಗೀಸರ ಹಡಗಿಂದಿಳಿದು
ಘಟ್ಟ ಹತ್ತಿ, ಕಿವಿಗೊಂದು ಬೀಡಿ ಸಿಕ್ಕಿಸಿ
ದಾವಣಗೆರೆಯ ಜಟಕಾ ಸ್ಟ್ಯಾಂಡಿನಲ್ಲಿ ನಿಂತ.

ಉಳಿದ ಇತಿಹಾಸ ಬೇಗ ಮುಗಿಯುತ್ತದೆ.
ಗುತ್ತಿಗೆ ಹೋಗಿ ಈತ ಸಂಬಳದವನಾದ,
ಕಾಲಾಳಿನ ಕ್ಯಾಪ್ಟನ್ನನ ಸಮ, ಬೂಟಿಗೆ ಮುಳ್ಳು ಮಾತ್ರ ಹೆಚ್ಚು.
ಎರಡನೇ ಮಹಾಯುದ್ಧ ಕಳೆದ ಮೇಲೆ ಕುದುರೆ ಹೋಯಿತು,
ಅದರ ಬಾಲ ಹಿಡಿದು ಪದವಿಯೂ.
ಇಲ್ಲಿ ಆಟೋ ಬಂತು.

ನಾನು ಬರೆದೆ: ‘ಕುದುರೆ ಮೇಸ್ತ್ರಿ.’
ಮೂರು ಸಾಲಿನಲ್ಲಿ ಕಾರಣವನ್ನೂ ಕೊಟ್ಟೆ.
ಸಂಪಾದಕ ಮುರಿಗೆಪ್ಪನವರು ಕೆಂಪು ಶಾಯಿಯಲ್ಲಿ ಅಷ್ಟನ್ನೂ ಹೊಡೆದು
‘ಅಶ್ವದಳಾಧಿಪತಿ’ ಅಂದರು. “ಗಾಂಭೀರ್ಯ ಬೇಕಮ್ಮ.”

ತಿಂಗಳ ಕೊನೆಗೆ ಬಿಲ್ಲು ಬರೆದೆ,
ಹೊಡೆದ ನಾಲ್ಕು ಸಾಲನ್ನೂ ಸೇರಿಸಿ.
ಅವರು ಬೆರಳಿಟ್ಟು ಎಣಿಸಿದರು,
ಕನ್ನಡಕ ಒರೆಸಿ ಇನ್ನೊಮ್ಮೆ ಎಣಿಸಿದರು,
ನನ್ನ ಮುಖ ನೋಡದೆ
ಸಹಿ ಹಾಕಿದರು.