ಚಿಕ್ಕಪೇಟೆಯಲ್ಲಿ ಬೆಂಕಿ

ಆಷಾಢದ ರಿಯಾಯಿತಿಗೆ ನಾನು ಬರೆದ ಮೆಸೇಜು:
ಎರಡು ಸಾಲು ಮಾತು, ಏಳು ಬೆಂಕಿ.
ಬದರೀನಾಥ ಶೆಟ್ಟರು ಕನ್ನಡಕ ಹಣೆಗೇರಿಸಿ
ಫೋನನ್ನು ಮೊಳದುದ್ದ ದೂರ ಹಿಡಿದರು.
"ಏನಮ್ಮಾ ಇದು, ರೇಷ್ಮೆ ಅಂಗಡೀಗೆ ಬೆಂಕಿ ಹಚ್ತೀಯಾ?
ತೊಂಬತ್ತೊಂದರಲ್ಲಿ ಹಿಂದಿನ ಗೋದಾಮು ಉರಿದದ್ದು
ನೀನು ನೋಡಿಲ್ಲ."

ಟ್ರೆಂಡು ಸಾರ್, ಅಂದೆ. ಬೆಂಕಿ ಅಂದರೆ ಸಕತ್ ಅಂತ.

ಜರಿಯ ಎಳೆ ಎಣಿಸುವ ಬೆರಳಲ್ಲಿ ಅವರು
ಒಂದೊಂದೇ ನಂದಿಸಿದರು.
"ಬೇಕಾದ್ರೆ ಒಂದು ದೀಪ ಇಡು.
ಅದೂ ಬೆಂಕೀನೇ, ಆದ್ರೆ ಕೂತಿರುತ್ತೆ."

ಸಾವಿರದ ನಾನೂರು ನಂಬರಿಗೆ ಒಂದು ದೀಪ ಹೋಯಿತು.
ಮಧ್ಯಾಹ್ನವೆಲ್ಲ ನೀಲಿ ಗೆರೆಗಳು, ಮಾತಿಲ್ಲ.
ಬಾಳೆಕಾಯಿ ಬಜ್ಜಿ ತರಿಸಿದರು, ನನಗೆ ಬೈಯಲಿಲ್ಲ.

ಸಂಜೆ ಬಸವೇಶ್ವರನಗರದಿಂದ ಯಾರೋ ಕೇಳಿದರು:
ಆ ದೀಪದ ಬಣ್ಣದ್ದು ಒಂದಿದೆಯಾ?

ಶೆಟ್ಟರು ಆಗಲೇ ಏಣಿಯ ಮೇಲಿದ್ದರು.