ದಯವಿಟ್ಟು ಕಾಯಿರಿ

ಮೆಟ್ಟಿಲ ಕೆಳಗೆ, ಪೊರಕೆ ಫಿನಾಯಿಲ್ ಡಬ್ಬಿಗಳ ಪಕ್ಕ
ನಾಲ್ಕು ಲೈನಿನ ಪೆಟ್ಟಿಗೆ.
ಇಟ್ಟವನು ನಾನೇ, ಒಂಬತ್ತು ವರ್ಷದ ಹಿಂದೆ.
ಬೀದರಿನ ಈ ರಕ್ತನಿಧಿಗೆ ಯಾರು ಫೋನ್ ಮಾಡಿದರೂ
ಮೊದಲು ಎತ್ತುವುದು ಅದು,
ಮಾತಾಡುವುದು ಎಸ್ತೇರಮ್ಮ:
"ನಮಸ್ಕಾರ. ಓ ಪಾಸಿಟಿವ್‌ಗೆ ಒಂದನ್ನು ಒತ್ತಿ.
ದಯವಿಟ್ಟು ಕಾಯಿರಿ."

ಆಕೆ ಇಲ್ಲಿ ರಿಜಿಸ್ಟರ್ ಬರೆಯುವವಳು.
ಚರ್ಚಿನಲ್ಲಿ ಹಾಡುತ್ತಾಳೆ, ದನಿ ತಿಳಿಯಾಗಿದೆ ಎಂದು
ಒಂದು ಮಧ್ಯಾಹ್ನ ಫ್ಯಾನು ಆರಿಸಿ, ಕಿಟಕಿ ಮುಚ್ಚಿ
ಬೆವರುತ್ತ ಓದಿಸಿದ್ದೆ.
"ಕಾಯಿರಿ ಅಂದ್ರ ಯಾರ್ ಕಾಯ್ತಾರ್ರೀ?" ಎಂದು ನಕ್ಕಿದ್ದಳು.
ಆ ನಗುವನ್ನು ಕತ್ತರಿಸಿದ್ದೆ.

ಈ ತಿಂಗಳ ಬಿಲ್ಲು ಒಂದು ಲಕ್ಷ ಎಂಬತ್ತಾರು ಸಾವಿರ.
ಲೆಕ್ಕದ ಮಾಣಿಕರಾವ್ ಹಾಳೆಯನ್ನು ಬೆಳಕಿಗೆ ಹಿಡಿದರು,
ಖೋಟಾ ನೋಟು ನೋಡುವ ಹಾಗೆ.
ನಕಾಶೆಯ ಮೇಲೆ ನೊಣ ಕೂತರೆ ಮುಚ್ಚಿಹೋಗುವ ದ್ವೀಪಗಳಿಗೆ
ಹದಿನಾಲ್ಕು ರಾತ್ರಿ,
ಎರಡು ನಲವತ್ತರಿಂದ ಅಜಾನ್ ಆಗುವ ತನಕ,
ನಾಲ್ಕೂ ಲೈನು.

ಒಡೆದ ಬೀಗವಿಲ್ಲ. ಕನ್ನದ ಮಣ್ಣಿಲ್ಲ.
ಹೈದರಾಬಾದಿನ ಕಂಪನಿ ಕೂತಲ್ಲೇ ರಿಪೇರಿ ಮಾಡಲೆಂದು
ನಾನೇ ತೆರೆದಿಟ್ಟ ಒಂದು ಪೋರ್ಟು.
ಪಾಸ್‌ವರ್ಡು ನಾಲ್ಕು ಸೊನ್ನೆ.
ಕಂಪನಿ ಮುಚ್ಚಿ ಆರು ವರ್ಷ;
ಬಾಗಿಲಿಗೆ ಅದು ಗೊತ್ತಿಲ್ಲ.

ನಾನು ನೌಬಾದಿನವನು. ನಮ್ಮಲ್ಲಿ ಸುರಂಗಬಾವಿ:
ನೆಲದ ಹೊಟ್ಟೆಯಲ್ಲಿ ನೀರಿನ ದಾರಿ,
ಮೇಲೆ ಅಲ್ಲಲ್ಲಿ ಕೆಂಪು ಕಲ್ಲಿಗೆ ಕೊರೆದ ಬಾಯಿ,
ಹೂಳೆತ್ತುವವರು ಇಳಿಯಲೆಂದು.
ಹೂಳೆತ್ತುವವರು ಹೋದರು, ಬಾಯಿ ಉಳಿದವು.
ನಮ್ಮ ಮೇಕೆ ಬಿದ್ದ ದಿನ ಅಪ್ಪ ಬೈಯಲಿಲ್ಲ,
ಒಂದು ಚಪ್ಪಡಿ ಹೊರಿಸಿದ.
ಆ ಭಾರ ಹೆಗಲಿಗೆ ಇನ್ನೂ ನೆನಪಿದೆ.
ಬೆರಳಿಗೆ ನೆನಪಿರಲಿಲ್ಲ.

ಔರಾದಿನಿಂದ ಒಬ್ಬ ಬೈಕಿನಲ್ಲಿ ಬಂದಿದ್ದನಂತೆ,
ಹೊದ್ದ ಚಾದರದಲ್ಲೇ:
"ರಾತ್ರಿಯೆಲ್ಲಾ ಎಂಗೇಜ್ ಬರ್ಲಕತ್ತಿತ್ರಿ."
ರಕ್ತ ಸಿಕ್ಕಿತು. ಹೊತ್ತಿಗೆ ಮುಟ್ಟಿತೋ ಇಲ್ಲವೋ,
ರಿಜಿಸ್ಟರಿನಲ್ಲಿ ಆ ಕಾಲಂ ಇಲ್ಲ.

ಎಸ್ತೇರಮ್ಮನಿಗೂ ಹೇಳಬೇಕಾಯಿತು:
ಕರೆ ಕಡಿಯದಂತೆ ಕಳ್ಳರು ಆ ಕಡೆಗೆ
ನಿಮ್ಮ ದನಿಯನ್ನೇ ಬಿಟ್ಟಿದ್ದರು.
ಅಲ್ಲಿ ಎತ್ತಿದ್ದೂ ಒಂದು ಯಂತ್ರ.
ಸಮುದ್ರದಾಚೆ, ಕಿವಿಯೇ ಇಲ್ಲದ ಕಡೆ, ನಮ್ಮ ಮಾತಿನಲ್ಲಿ
ದಯವಿಟ್ಟು ಕಾಯಿರಿ, ದಯವಿಟ್ಟು ಕಾಯಿರಿ.
ಝಹೀರಾಬಾದ್ ದಾಟದ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:
"ಆ ಕಡಿಯಿಂದ ಏನರೆ ಅಂದ್ರೇನ್ರೀ?"

ಪೋರ್ಟು ಮುಚ್ಚಿದೆ. ಹೊರದೇಶದ ಕರೆಗೆ ತಡೆ.
ಪೆಟ್ಟಿಗೆಗೆ ಬೇರೆ ತಂತಿ,
ಲೆಕ್ಕದ ಕಂಪ್ಯೂಟರಿನ ಜೊತೆ ಇನ್ನು ಒಂದೇ ಸಂಸಾರವಿಲ್ಲ.
ಹದಿನಾರು ಅಕ್ಷರದ ಪಾಸ್‌ವರ್ಡು. ಬರೆದಿಟ್ಟುಕೊಳ್ಳಿ ಎಂದರೆ
"ನನಗ್ಯಾಕ? ಯಾರರೆ ಪ್ರೀತೀಲೆ ಕೇಳಿದ್ರ ಹೇಳಿಬಿಡ್ತೀನಿ,
ನನ್ ಬಾಯಿ ಅಂಥಾದು."

ಕಾರ್ಡು ಪೂರಾ ಅಳಿಸಿದ್ದರಿಂದ
ಮತ್ತೆ ಫ್ಯಾನು ಆರಿಸಿದೆ. ಕಿಟಕಿ.
ಓ ಪಾಸಿಟಿವ್ ಮುಗಿಸಿ, ಕೊನೆಯ ಸಾಲಿಗೆ ಬಂದು
ಕಾಗದ ಮಡಚಿದಳು:
"ಲೈನ್ ಬಿಡಬ್ಯಾಡ್ರಿ. ಇಲ್ಲೇ ಇದ್ದೀವಿ."

ಹೊರಗೆ ಯಾರದೋ ಸ್ಟೀಲು ಲೋಟ ಬಿದ್ದ ಸದ್ದು ಸೇರಿಕೊಂಡಿದೆ.
ಇರಲಿ.